ಹಳೇ ಬೈಕಿನ ಕಾರ್ಬೊರೇಟರ್, ಫಿಲ್ಟರ್, ಸೈಲೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನನ್ನ ಹಳೇ ಟೂ ಸ್ಟ್ರೋಕ್ ಬೈಕ್ ಯಮಹಾ ಆರ್‌ಎಕ್ಸ್ 100 ನಿಲ್ಲಿಸಿದ ಕಡೆಯೆಲ್ಲ ಯಾರಾದರೂ ಒಬ್ಬರು ಹತ್ತಿರ ಬರುತ್ತಾರೆ. ಟೀ ಅಂಗಡಿ ಮುಂದೆ ಇರಬಹುದು, ಪೆಟ್ರೋಲ್ ಬಂಕ್ ಇರಬಹುದು. ಮೊದಲು ಗಾಡಿಯನ್ನು ಒಂದು ಸುತ್ತು ಹಾಕಿ ನೋಡುತ್ತಾರೆ, ಆಮೇಲೆ ಮಾತು ಶುರು. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಪ್ರಶ್ನೆಗಳು ಸುತ್ತಿ ಸುತ್ತಿ ಅವೇ. ಅದಕ್ಕೆ ಅವರು ಕೇಳಿದ ಮಾತಲ್ಲೇ ಇಲ್ಲಿ ಬರೆದು, ನನಗೆ ಗೊತ್ತಿರುವಷ್ಟು ಉತ್ತರ ಕೊಟ್ಟಿದ್ದೇನೆ.

## ಕೈ ಹಾಕುವ ಮುಂಚೆ

"ಅಣ್ಣಾ, ಗಾಡಿ ಪಿಕಪ್ಪೇ ಇಲ್ಲ. ಮೊದಲು ಏನು ಚೇಂಜ್ ಮಾಡಿಸ್ಲಿ?"

ಸದ್ಯಕ್ಕೆ ಏನೂ ಬೇಡ. ಆರ್‌ಎಕ್ಸ್ 100 ನಮ್ಮಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಅಂದರೆ ಕೊನೆಯ ಗಾಡಿಗೂ ಈಗ ಸುಮಾರು ಮೂವತ್ತು ವರ್ಷ. 98 ಸಿಸಿಯ ಆ ಇಂಜಿನ್ ಹೊಸದಿದ್ದಾಗ 11 ಹಾರ್ಸ್‌ಪವರ್ ಕೊಡುತ್ತಿತ್ತು. ನಿಮ್ಮ ಗಾಡಿ ಈಗ ಅಷ್ಟು ಕೊಡುತ್ತಿದೆಯಾ? ಬಹಳಷ್ಟು ಗಾಡಿ ಕೊಡುವುದಿಲ್ಲ. ಪಿಸ್ಟನ್ ರಿಂಗ್ ಸವೆದಿರುತ್ತದೆ, ಕ್ಲಚ್ ಪ್ಲೇಟ್ ಜಾರುತ್ತಿರುತ್ತದೆ, ಹಿಂದಿನ ಬ್ರೇಕ್ ಹಿಡಿದುಕೊಂಡಿರುತ್ತದೆ, ಸೈಲೆನ್ಸರ್ ಒಳಗೆ ಕಾರ್ಬನ್ ಗಟ್ಟಿಯಾಗಿ ಕೂತಿರುತ್ತದೆ.

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಒಂದೇ ಸುತ್ತಿಗೆ ನಿಂತುಬಿಟ್ಟರೆ ನಿಮ್ಮ ಪಿಕಪ್ ಬ್ರೇಕ್ ಡ್ರಮ್ಮಲ್ಲೇ ಇದೆ. ಆಮೇಲೆ ಕಂಪ್ರೆಷನ್ ಚೆಕ್ ಮಾಡಿಸಿ, ಸೈಲೆನ್ಸರ್ ಕ್ಲೀನ್ ಮಾಡಿಸಿ, ಹೊಸ ಪ್ಲಗ್ ಹಾಕಿ. ಬುಲೆಟ್ ಆದರೆ ಟ್ಯಾಪೆಟ್ (ವಾಲ್ವಿನ ಸಂದು) ಮತ್ತು ಪಾಯಿಂಟ್ (ಪ್ಲಗ್ ಕಿಡಿಯ ಸಮಯ ಹಿಡಿಯುವ ಸ್ವಿಚ್) ಸರಿ ಮಾಡಿಸಿ. ಗಾಡಿಯನ್ನು ಕಂಪನಿ ಸ್ಥಿತಿಗೆ ತಂದು ಒಂದು ತಿಂಗಳು ಓಡಿಸಿ. ಕೇಳಿದವರಲ್ಲಿ ಅರ್ಧಕ್ಕರ್ಧ ಜನ ಅಲ್ಲಿಗೇ ಖುಷಿಯಾಗಿ ನಿಲ್ಲಿಸಿದ್ದಾರೆ. ನಿಲ್ಲಿಸದವರಿಗೂ ಈ ಕೆಲಸ ಬೇಕೇ ಬೇಕು. ಸವೆದ ಇಂಜಿನ್ ಮೇಲೆ ಟ್ಯೂನಿಂಗ್ ಕೂರುವುದಿಲ್ಲ.

"ಜೆಟ್ಟು, ಸೂಜಿ, ಏರ್ ಸ್ಕ್ರೂ ಅಂತಾರಲ್ಲ, ಯಾವುದು ಏನು ಕೆಲ್ಸ ಮಾಡುತ್ತೆ?"

ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕಳಿಸುವುದು ಕಾರ್ಬೊರೇಟರ್. ಜೆಟ್ ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು. ಆಕ್ಸಿಲೇಟರ್ ತಿರುಗಿಸಿದಾಗ ಮೇಲೇಳುವ ತುಂಡು ಸ್ಲೈಡ್, ಸೂಜಿ ಅದಕ್ಕೇ ಸಿಕ್ಕಿಸಿರುತ್ತದೆ. ಹಳೇ ಮಿಕುನಿ ಕಂಪನಿ ಮಾದರಿಯ ಸ್ಲೈಡ್ ಕಾರ್ಬೊರೇಟರ್‌ನಲ್ಲಿ ಎಲ್ಲವೂ ಆಕ್ಸಿಲೇಟರ್ ಎಷ್ಟು ತಿರುಗಿಸಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಗಾಡಿ ಎಷ್ಟು ಸ್ಪೀಡಲ್ಲಿದೆ ಅನ್ನುವುದು ಮುಖ್ಯವಲ್ಲ.

ಸ್ಲೋ ಓಡುವಾಗಿನಿಂದ ಆಕ್ಸಿಲೇಟರ್ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡ್‌ನ ಕೆಳಗೆ ಓರೆಯಾಗಿ ಕತ್ತರಿಸಿರುವ ಜಾಗ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ. ಮುಕ್ಕಾಲಿನಿಂದ ಫುಲ್‌ವರೆಗೆ ಮೇನ್ ಜೆಟ್. ಒಂದರ ಕೆಲಸ ಇನ್ನೊಂದರೊಳಗೆ ಸ್ವಲ್ಪ ಸೇರಿಕೊಂಡಿರುತ್ತದೆ, ಗೆರೆ ಎಳೆದ ಹಾಗೆ ಇರುವುದಿಲ್ಲ.

ಇದೊಂದು ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ. ಊರೊಳಗೆ ನಲವತ್ತರಲ್ಲಿ ಹೋಗುವಾಗ ಗಾಡಿ ಮಿಸ್ ಹೊಡೆಯುತ್ತಿದ್ದರೆ ಮೇನ್ ಜೆಟ್ ಬದಲಾಯಿಸಿ ಏನೂ ಉಪಯೋಗವಿಲ್ಲ. ನೀವು ಆ ಜೆಟ್ಟನ್ನು ಆಗ ಬಳಸುತ್ತಲೇ ಇಲ್ಲ.

"ಲೀನ್ ಆಗಿದೆ, ರಿಚ್ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?"

ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿದ್ದರೆ ಲೀನ್. ಪೆಟ್ರೋಲ್ ಜಾಸ್ತಿಯಾದರೆ ರಿಚ್. ರಿಚ್ ಆದ ಗಾಡಿ ಭಾರವಾಗಿ ಎಳೆಯುತ್ತದೆ, ಹೊಗೆ ಬರುತ್ತದೆ, ಪ್ಲಗ್ ಮಸಿಯಾಗುತ್ತದೆ, ಮೈಲೇಜ್ ಬೀಳುತ್ತದೆ. ಲೀನ್ ಆದ ಗಾಡಿ ಮೊದಮೊದಲು ಚುರುಕಾಗಿದೆ ಅನಿಸುತ್ತದೆ. ಮೋಸ ಹೋಗುವುದು ಅಲ್ಲೇ. ಆಮೇಲೆ ಇಂಜಿನ್ ಕಾಯುತ್ತದೆ, ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ತಕ್ಷಣ ಕೆಳಗಿಳಿಯುವುದಿಲ್ಲ, ಪ್ಲಗ್ ಬೆಳ್ಳಗಾಗುತ್ತದೆ.

ಪ್ಲಗ್ ಒಳಗಿನ ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿ ಅಂತ ಹಳಬರು ಹೇಳುತ್ತಾರೆ. ಅದು ಸೀಸ ಹಾಕಿದ ಪೆಟ್ರೋಲ್ ಕಾಲದ ಲೆಕ್ಕ. ನಮ್ಮಲ್ಲಿ 2000ದಿಂದ ಸೀಸವಿಲ್ಲದ ಪೆಟ್ರೋಲ್, ಈಗ ಅದಕ್ಕೆ ಎಥನಾಲ್ ಬೇರೆ ಸೇರಿದೆ. ಹಾಗಾಗಿ ಸರಿ ಇರುವ ಗಾಡಿಯಲ್ಲೂ ಪ್ಲಗ್ ಸ್ವಲ್ಪ ಬಿಳಿಚಿಕೊಂಡೇ ಇರುತ್ತದೆ. ಪಿಂಗಾಣಿಯ ತುದಿ ಒಂದನ್ನೇ ನೋಡಬೇಡಿ. ಅದು ಲೋಹದೊಳಗೆ ಇಳಿಯುವ ಬುಡದಲ್ಲಿ ತೆಳ್ಳಗೆ ಒಂದು ಕಂದು ಉಂಗುರ ಇದೆಯಾ ನೋಡಿ.

"ಮನೇಲೇ ಕಾರ್ಬ್ ಬಿಚ್ಚಿ ಕ್ಲೀನ್ ಮಾಡ್ಬಹುದಾ?"

ಖಂಡಿತ ಮಾಡಬಹುದು. ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಸರಿಯಾದ ಅಳತೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ, ಬೀಡಿ ಸಿಗರೇಟು ದೂರ ಇರಲಿ. ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಎಣಿಸಿ ಬರೆದಿಡಿ.

ಜೆಟ್ ತೂತಿಗೆ ಮಾತ್ರ ಸ್ಟೌ ಪಿನ್ ಹಾಕಬೇಡಿ, ಕೈ ಮುಗಿದು ಕೇಳುತ್ತೇನೆ. ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಗಾಡಿ ತಂದಿದ್ದ. ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಮೂರು ದಿನಕ್ಕೆ ಕಪ್ಪಾಗುತ್ತದೆ ಅಂದ. ಮೇನ್ ಜೆಟ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಮೇಲಿನ ನಂಬರ್ ಸರಿಯಾಗೇ ಇತ್ತು. ಆದರೆ ತೂತು ಗುಂಡಗಿರಲಿಲ್ಲ, ಒಂದು ಕಡೆ ಅಕ್ಕಿ ಕಾಳಿನ ಹಾಗೆ ಎಳೆದುಕೊಂಡಿತ್ತು. ಅಂಚಲ್ಲಿ ಪಿನ್ ಕೆರೆದ ಗೀರು ಹೊಳೆಯುತ್ತಿತ್ತು. ಜೆಟ್ ಹಿತ್ತಾಳೆ, ಪಿನ್ ಉಕ್ಕು. ಒಂದು ಕೂದಲೆಳೆ ಅಗಲವಾದರೂ ಆ ನಂಬರಿಗೆ ಬೆಲೆ ಇಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಪಂಪಿನ ಗಾಳಿ ಬಿಡಿ. ಆಗಲೂ ಬಿಡದಿದ್ದರೆ ಮೀನು ಹಿಡಿಯುವ ನೈಲಾನ್ ದಾರ ಅಥವಾ ಮೆತ್ತನೆಯ ಪೊರಕೆ ಕಡ್ಡಿ ಸಾಕು.

"ಸೈಲೆನ್ಸರ್ ಚೇಂಜ್ ಮಾಡಿದ್ರೆ ಪೊಲೀಸ್ನೋರು ಹಿಡೀತಾರಾ ಸಾರ್?"

ಹಿಡಿಯಬಹುದು, ಹಿಡಿಯುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಗಾಡಿ ಬೇರೆಯಾಗುವ ಹಾಗೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು.

ಆರ್‌ಎಕ್ಸ್ 100ಕ್ಕೆ ಆರ್‌ಎಕ್ಸ್ 135ರ ಬ್ಲಾಕ್ (ಸಿಲಿಂಡರ್) ಕೂರಿಸುವವರು ಇದನ್ನು ಇನ್ನೂ ಗಮನವಿಟ್ಟು ಓದಿ. ಆರ್‌ಸಿಯಲ್ಲಿ ಬರೆದಿರುವ ಸಿಸಿಯೇ ಬೇರೆ ಆಗುತ್ತದೆ. ಆರ್‌ಸಿ ನವೀಕರಣದ ಹೊತ್ತಿಗೂ ತೊಂದರೆ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ಗೂ ತೊಂದರೆ. ಎಮಿಷನ್ ಟೆಸ್ಟ್‌ನಲ್ಲಿ 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮಾನಾಕ್ಸೈಡ್ ಶೇ 4.5ರವರೆಗೆ ಬಿಟ್ಟಿದ್ದಾರೆ. ಸರಿಯಾಗಿ ಟ್ಯೂನ್ ಆದ ಹಳೇ ಗಾಡಿ ಅದರೊಳಗೆ ಪಾಸಾಗುತ್ತದೆ.

## ಗಾಳಿ ಒಳಗೆ, ಹೊಗೆ ಹೊರಗೆ

"ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ ಹಾಕಿದ್ರೆ ಜಾಸ್ತಿ ಓಡುತ್ತಂತೆ, ನಿಜಾನಾ?"

ಗಾಳಿ ಜಾಸ್ತಿ ಹೋಗುವುದು ನಿಜ. ಆದರೆ ಅದಕ್ಕೆ ತಕ್ಕ ಪೆಟ್ರೋಲ್ ತಾನಾಗೇ ಬರುವುದಿಲ್ಲ. ಏರ್ ಬಾಕ್ಸ್ ಅಂದರೆ ಸುಮ್ನೆ ಒಂದು ಪ್ಲಾಸ್ಟಿಕ್ ಡಬ್ಬಿ ಅಂದುಕೊಳ್ಳಬೇಡಿ. ಕಾರ್ಬೊರೇಟರ್‌ಗೆ ಅಲುಗಾಡದ, ಬಿಸಿಯಾಗದ ಗಾಳಿ ಸಿಗುವುದು ಅದರಿಂದಲೇ. ಅದನ್ನು ಕಿತ್ತರೆ ಇಂಜಿನ್ ಬಿಸಿಗಾಳಿ, ಪಕ್ಕದಲ್ಲಿ ಹೋಗುವ ಲಾರಿಯ ಗಾಳಿ ಎಲ್ಲ ಬಂದು ಬಡಿಯುತ್ತದೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನೂ ಹಾಕಿಸಿದ್ದೆ. ಹಾಕಿದ ಮೆಕ್ಯಾನಿಕ್ ಜೆಟ್ ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಎರಡು ದಿನ ಗಾಡಿ ಹಾರುತ್ತಿತ್ತು. ಮೂರನೇ ದಿನ ಬಾಗೇಪಲ್ಲಿ ಕಡೆಗೆ ಹೆದ್ದಾರಿಯಲ್ಲಿ ಫುಲ್ ಆಕ್ಸಿಲೇಟರ್ ಹಿಡಿದು ಹೋಗುತ್ತಿದ್ದೆ. ಪೆರೇಸಂದ್ರ ದಾಟಿದ ಮೇಲೆ ಇಂಜಿನ್ ದನಿ ಒಂದು ಕ್ಷಣ ಸಣ್ಣಗಾಯಿತು, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ. ಅಷ್ಟರಲ್ಲಿ ಹಿಂದಿನ ಚಕ್ರ ಲಾಕ್. ಕೈ ಕ್ಲಚ್ ಮೇಲೆ ಇದ್ದದ್ದಕ್ಕೆ ಬದುಕಿದೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈ ತುಂಬ ಉದ್ದುದ್ದ ಗೀರು, ಬ್ಲಾಕ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಕಮ್ಮಿಯಾದರೆ ತಂಪೂ ಕಮ್ಮಿ.

ಇನ್ನೊಂದು ವಿಷಯ ನಮ್ಮ ಜಿಲ್ಲೆಯದ್ದೇ. ಇಲ್ಲಿ ಕಲ್ಲು ಕ್ರಷರ್‌ಗಳ ಧೂಳು ರಸ್ತೆಯ ಮೇಲೆ ಹಿಟ್ಟಿನ ಹಾಗೆ ಬಿದ್ದಿರುತ್ತದೆ. ಅಗ್ಗದ ಕೋನ್ ಫಿಲ್ಟರ್‌ನ ಜಾಲರಿ ಅದನ್ನು ತಡೆಯುವುದಿಲ್ಲ. ಆ ಕಲ್ಲುಪುಡಿ ಒಳಗೆ ಹೋದರೆ ರಿಂಗಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ದಿನಾ ಓಡಿಸುವ ಗಾಡಿಗೆ ನಾನು ಕಂಪನಿ ಬಾಕ್ಸನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ. ಫೋಮ್ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಿಂಡಿ ಹಾಕಿ.

"ಆರ್‌ಎಕ್ಸ್ ಸೈಲೆನ್ಸರ್ ಕಟ್ ಮಾಡಿಸ್ದೆ. ಸೌಂಡ್ ಸೂಪರ್, ಆದ್ರೆ ಪವರ್ ಕಮ್ಮಿ ಆದಂಗಿದೆ. ಯಾಕೆ?"

ಆದಂಗಿದೆ ಅಲ್ಲ, ಆಗಿದೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಒಂದು ಭಾಗ.

ಸಿಲಿಂಡರಿನಿಂದ ಹೊಗೆ ಹೊರಡುವ ಕಿಂಡಿ, ಅಂದರೆ ಎಕ್ಸಾಸ್ಟ್ ಪೋರ್ಟ್, ತೆರೆದಾಗ ಒತ್ತಡದ ಒಂದು ಅಲೆ ಪೈಪಿನಲ್ಲಿ ಹೊರಡುತ್ತದೆ. ಪೈಪ್ ಅಗಲವಾಗುವ ಜಾಗದಲ್ಲಿ ಹಿಂದಕ್ಕೆ ಸೆಳೆತ ಹುಟ್ಟಿ, ಸುಟ್ಟ ಹೊಗೆಯನ್ನು ಎಳೆದುಕೊಳ್ಳುತ್ತದೆ. ಹೊಸ ಪೆಟ್ರೋಲ್ ಮಿಶ್ರಣವೂ ಸ್ವಲ್ಪ ಅದರ ಜೊತೆ ಹೊರಗೆ ಬಂದುಬಿಡುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾಗುವ ಕಡೆ ಅಲೆ ಬಡಿದು ವಾಪಸ್ ಬರುತ್ತದೆ. ಬಂದು, ಪೋರ್ಟ್ ಮುಚ್ಚುವ ಮುಂಚೆ ಆ ಮಿಶ್ರಣವನ್ನು ಸಿಲಿಂಡರಿನೊಳಗೆ ತಳ್ಳುತ್ತದೆ. ಪೈಪಿನ ಉದ್ದ, ಕೋನುಗಳ ಓರೆ, ಕೊನೆಯ ಸಣ್ಣ ಕೊಳವೆ ಎಲ್ಲವೂ ಈ ಲೆಕ್ಕಕ್ಕೇ ಮಾಡಿರುವುದು. ನೀವು ಕತ್ತರಿಸಿದ್ದು ಆ ಅಲೆ ಬಡಿದು ವಾಪಸಾಗುವ ಗೋಡೆಯನ್ನೇ. ಈಗ ಹೊಸ ಪೆಟ್ರೋಲ್ ಸುಡದೆ ಹೊರಗೆ ಹೋಗುತ್ತಿದೆ. ಅದಕ್ಕೇ ಪವರ್ ಇಲ್ಲ, ಮೈಲೇಜೂ ಇಲ್ಲ.

ಪವರ್ ಬೇಕೆಂದರೆ ಲೆಕ್ಕ ಹಾಕಿ ಮಾಡಿದ ಎಕ್ಸ್‌ಪಾನ್ಷನ್ ಪೈಪ್ ಬೇಕು. ಅದೂ ಒಂದು ನಿರ್ದಿಷ್ಟ ಆರ್‌ಪಿಎಂ ಒಳಗೆ ಮಾತ್ರ ಎಳೆಯುತ್ತದೆ, ಅದರ ಕೆಳಗೆ ಗಾಡಿ ಕಂಪನಿ ಪೈಪಿಗಿಂತ ಮಂಕಾಗಿರುತ್ತದೆ. ರಸ್ತೆಗಾದರೆ ಕಂಪನಿ ಸೈಲೆನ್ಸರನ್ನೇ ಕ್ಲೀನ್ ಮಾಡಿಸಿ. ಒಳಗಿನ ಬಫಲ್ (ಸದ್ದು ತಗ್ಗಿಸುವ ಕೊಳವೆ) ಹೊರಗೆ ತೆಗೆದು ಕಾರ್ಬನ್ ಕೆರೆದು ಹಾಕಿದರೆ ಎಷ್ಟೋ ಗಾಡಿ ಎದ್ದು ಕೂರುತ್ತವೆ.

"ಬುಲೆಟ್‌ಗೆ ಯಾವ ಸೈಲೆನ್ಸರ್ ಒಳ್ಳೇದು? ಪಂಜಾಬ್, ಇಂದೋರ್, ಗೋಲ್ಡ್‌ಸ್ಟಾರ್, ಶಾರ್ಟ್ ಬಾಟಲ್..."

ಈ ಹೆಸರೆಲ್ಲ ಹೆಚ್ಚಾಗಿ ಸದ್ದಿನ ಹೆಸರು. ಹಳೇ ಎರಕದ ಇಂಜಿನ್ನಿನ ಬುಲೆಟ್ 350 ಅಂದರೆ 346 ಸಿಸಿ, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, ಸುಮಾರು 18 ಹಾರ್ಸ್‌ಪವರ್. ನಿಧಾನಕ್ಕೆ ತಿರುಗುವ ಉದ್ದ ಸ್ಟ್ರೋಕಿನ ಇಂಜಿನ್ ಅದು. ಬರೀ ಸೈಲೆನ್ಸರ್ ತೆರೆದರೆ ಅಲ್ಲಿ ಸಿಗುವ ಪವರ್ ಬಹಳ ಕಮ್ಮಿ. ಬೆಂಡ್ ಪೈಪ್ ದಪ್ಪ ಮಾಡಿಸಿದರಂತೂ ಹೊಗೆಯ ವೇಗ ಇಳಿದು, ಕೆಳಗಿನ ಗೇರಿನ ಎಳೆತ ಹೋಗುತ್ತದೆ. ಬುಲೆಟ್‌ನ ಚಂದವೇ ಆ ಎಳೆತ, ಅಲ್ವಾ? ರಾತ್ರಿ ಹತ್ತು ಗಂಟೆಗೆ ಮನೆಗೆ ಬರುವಾಗ ಬೀದಿಯಲ್ಲಿ ಮಲಗಿರುವ ಕೂಸುಗಳನ್ನೂ ನೆನೆಸಿಕೊಳ್ಳಿ.

"ಆಕ್ಸಿಲೇಟರ್ ಬಿಟ್ಟಾಗ ಸೈಲೆನ್ಸರಲ್ಲಿ ಪಟಪಟ ಅನ್ನುತ್ತೆ. ಜೆಟ್ ಚೇಂಜ್ ಮಾಡ್ಬೇಕಾ?"

ಮೊದಲು ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗ ನೋಡಿ. ಅಲ್ಲಿ ಗ್ಯಾಸ್ಕೆಟ್ ಹೋಗಿದ್ದರೆ ಹೊರಗಿನ ಗಾಳಿ ಒಳಗೆ ಹೋಗಿ, ಸುಡದೆ ಉಳಿದ ಪೆಟ್ರೋಲ್ ಪೈಪಲ್ಲಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ಕೆಟ್ ಹಾಕಿದ ಮೇಲೂ ನಿಲ್ಲದಿದ್ದರೆ ಪೈಲಟ್ ಕಡೆ ಲೀನ್ ಇದೆ ಅಂತ ಅರ್ಥ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಇದು ಸಾಮಾನ್ಯ.

"ನಂದಿ ಬೆಟ್ಟ ಹತ್ತುವಾಗ ಗಾಡಿ ಉಸಿರು ಕಟ್ಟಿದಂಗೆ ಮಾಡುತ್ತೆ. ಇಂಜಿನ್ ಹೋಯ್ತಾ?"

ಇಂಜಿನ್ ಹೋಗಿಲ್ಲ, ಗಾಳಿ ತೆಳುವಾಗಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿ ತುದಿ 1,478 ಮೀಟರ್. ಮೇಲೆ ಗಾಳಿ ಶೇ 5ರಷ್ಟು ಇನ್ನೂ ತೆಳು. ಜೆಟ್ ಮಾತ್ರ ಅದೇ, ಹಾಗಾಗಿ ಮಿಶ್ರಣ ರಿಚ್ ಕಡೆಗೆ ಹೋಗುತ್ತದೆ. ಜೊತೆಗೆ ಚಡಾವು, ಹಿಂದೆ ಒಬ್ಬರು ಕೂತಿರುತ್ತಾರೆ. ಮೊದಲೇ ರಿಚ್ ಇದ್ದ ಗಾಡಿ ಅಲ್ಲಿ ಪೂರ್ತಿ ಮುಗ್ಗರಿಸುತ್ತದೆ.

ಇದರ ಉಲ್ಟಾ ಇನ್ನೂ ಅಪಾಯ. ಚಿಕ್ಕಬಳ್ಳಾಪುರದ ಗಾಳಿಗೆ ಕೂದಲೆಳೆಯಷ್ಟು ಬಿಗಿಯಾಗಿ ಜೆಟ್ ಕೂರಿಸಿಕೊಂಡು, ಘಾಟಿ ಇಳಿದು ಮಂಗಳೂರಿಗೋ, ಹೆದ್ದಾರಿ ಹಿಡಿದು ಚೆನ್ನೈಗೋ ಹೋದರೆ ಅಲ್ಲಿ ಗಾಳಿ ದಟ್ಟ. ಗಾಡಿ ಲೀನ್ ಆಗುತ್ತದೆ. ಟೂ ಸ್ಟ್ರೋಕ್ ಆದರೆ ಹೊರಡುವ ಮುಂಚೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ.

"ಈಗಿನ ಎಥನಾಲ್ ಪೆಟ್ರೋಲ್‌ಗೆ ಹಳೇ ಗಾಡಿ ಟ್ಯೂನಿಂಗ್ ಬದಲಾಯಿಸ್ಬೇಕಾ?"

ಎಥನಾಲ್‌ನಲ್ಲಿ ಆಮ್ಲಜನಕ ಇದೆ. ಬರೀ ಪೆಟ್ರೋಲ್ ಒಂದು ಕೆಜಿ ಪೂರ್ತಿ ಸುಡಲು ಸುಮಾರು 14.7 ಕೆಜಿ ಗಾಳಿ ಬೇಕು. ಶೇ 20 ಎಥನಾಲ್ ಇರುವ ಇ20ಗೆ ಸುಮಾರು 13.5 ಕೆಜಿ ಸಾಕು. ಅಂದರೆ ಅದೇ ಜೆಟ್‌ನಲ್ಲಿ ಗಾಡಿ ಲೀನ್ ಕಡೆಗೆ ಹೋಗುತ್ತದೆ. ನಮ್ಮ ಎತ್ತರ ರಿಚ್ ಕಡೆಗೆ ಎಳೆದರೆ ಇದು ಲೀನ್ ಕಡೆಗೆ ಎಳೆಯುತ್ತದೆ. ಸ್ವಲ್ಪ ಮಟ್ಟಿಗೆ ಒಂದಕ್ಕೊಂದು ವಜಾ, ಪೂರ್ತಿ ಅಲ್ಲ. ಎಷ್ಟೋ ಗಾಡಿಗೆ ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ ಸೂಜಿ ಎತ್ತಿದರೆ ಸಾಕಾಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ರಬ್ಬರಿನದ್ದು. ಹಳೇ ಪೆಟ್ರೋಲ್ ಪೈಪ್, ಓ-ರಿಂಗ್ ಉಬ್ಬುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಫ್ಲೋಟ್ ಚೇಂಬರ್ (ಕಾರ್ಬಿನ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿ ಮಾಡಿ ಇಡಿ.

## ಕೈ ಪಳಗಿದವರಿಗೆ

"ಫಿಲ್ಟರ್, ಸೈಲೆನ್ಸರ್ ಎರಡೂ ಬದಲಾಯ್ಸಿದೀನಿ. ಜೆಟ್ ನಂಬರ್ ಎಷ್ಟು ಹಾಕ್ಲಿ, ಹೇಳಿಬಿಡಿ."

ನಂಬರ್ ನಾನು ಹೇಳುವುದಿಲ್ಲ. ನಿಮ್ಮ ಗಾಡಿಯ ಸವೆತ, ಪೈಪು, ಫಿಲ್ಟರ್ ನನ್ನದಲ್ಲ. ನಂಬರಿನ ಲೆಕ್ಕವೂ ಎಲ್ಲಾ ಕಡೆ ಒಂದೇ ಅಲ್ಲ. ಕೀಹಿನ್ ಕಂಪನಿಯ ಜೆಟ್‌ನ ನಂಬರ್ ತೂತಿನ ಅಳತೆ, ಮಿಕುನಿಯ ಆರು ಮೂಲೆ ಜೆಟ್‌ನ ನಂಬರ್ ಹರಿವಿನ ಅಳತೆ. ಎರಡರಲ್ಲೂ 100 ಅಂತಿದ್ದರೆ ಒಂದೇ ಜೆಟ್ ಅಂದುಕೊಳ್ಳಬೇಡಿ.

ದಾರಿ ಮಾತ್ರ ಹೇಳಿಕೊಡಬಲ್ಲೆ. ಮೊದಲು ಗಾಳಿ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಲೋ ಓಡುತ್ತಿರುವಾಗ ಕಾರ್ಬ್ ಮತ್ತು ಬ್ಲಾಕ್ ನಡುವಿನ ಜಾಯಿಂಟಿಗೆ ನೀರು ಸಿಂಪಡಿಸಿ. ಇಂಜಿನ್ ದನಿ ಬದಲಾದರೆ ಅಲ್ಲಿ ಸೋರುತ್ತಿದೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಆಯಿಲ್ ಸೀಲ್ ಹೋದರೂ ಗಾಳಿ ಎಳೆಯುತ್ತದೆ, ಆಗ ಯಾವ ಜೆಟ್ಟೂ ಸರಿ ಹೊಂದುವುದಿಲ್ಲ.

ಆಮೇಲೆ ಬೇಕಾದ್ದಕ್ಕಿಂತ ದೊಡ್ಡ ಮೇನ್ ಜೆಟ್‌ನಿಂದ ಶುರು ಮಾಡಿ ಒಂದೊಂದೇ ನಂಬರ್ ಇಳಿಸುತ್ತಾ ಬನ್ನಿ. ಚಿಕ್ಕದರಿಂದ ಮೇಲೆ ಹೋಗಬೇಡಿ, ಪಿಸ್ಟನ್ ಹೋಗುತ್ತದೆ. ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿ, ಫುಲ್ ಆಕ್ಸಿಲೇಟರ್‌ನಲ್ಲಿ ಚೋಕ್ ಸ್ವಲ್ಪ ಎಳೆಯಿರಿ. ಗಾಡಿ ಇನ್ನೂ ಚೆನ್ನಾಗಿ ಎಳೆದರೆ ಲೀನ್ ಇದೆ, ಮುಗ್ಗರಿಸಿದರೆ ಲೀನ್ ಇಲ್ಲ. ಹೊಸ ಪ್ಲಗ್ ಹಾಕಿ ಫುಲ್‌ನಲ್ಲಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ನಿಂತ ಮೇಲೆ ಪ್ಲಗ್ ಬಿಚ್ಚಿ ಆ ಉಂಗುರ ನೋಡಿ. ಮೇನ್ ಜೆಟ್ ಸರಿಯಾದ ಮೇಲೆ ಸೂಜಿ, ಕೊನೆಗೆ ಪೈಲಟ್ ಮತ್ತು ಏರ್ ಸ್ಕ್ರೂ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

"ದೊಡ್ಡ ಕಾರ್ಬ್ ಹಾಕಿದ್ರೆ ದೊಡ್ಡ ಪವರ್ ತಾನೇ?"

ಕಾರ್ಬೊರೇಟರ್ ಪೆಟ್ರೋಲ್ ಎತ್ತುವುದು ಗಾಳಿಯ ವೇಗದಿಂದ. ಬಾಯಿ ದೊಡ್ಡದಾದರೆ ಅದೇ ಇಂಜಿನ್‌ಗೆ ಗಾಳಿ ನಿಧಾನಕ್ಕೆ ಹೋಗುತ್ತದೆ, ಸೆಳೆತ ಕಮ್ಮಿಯಾಗುತ್ತದೆ. ಬುಲೆಟ್ 350ರ 24 ಮಿ.ಮೀ. ಕಾರ್ಬ್ ತೆಗೆದು 28 ಹಾಕುವವರಿದ್ದಾರೆ. ಮೇಲಿನ ಸ್ಪೀಡಲ್ಲಿ ಸ್ವಲ್ಪ ಸಿಗಬಹುದು. ಸಂತೆ ದಿನ ಬಜಾರ್ ರಸ್ತೆಯಲ್ಲಿ ಓಡಿಸುವಾಗ ಮಾತ್ರ ಆಕ್ಸಿಲೇಟರ್ ಕೊಟ್ಟ ಕೂಡಲೇ ಗಾಡಿ ಗಕ್ಕನೆ ನಿಲ್ಲುತ್ತದೆ. ಪೋರ್ಟು, ಪೈಪು ಬದಲಾಗದೆ ಬರೀ ಕಾರ್ಬ್ ದೊಡ್ಡದು ಮಾಡುವುದು ನನಗೆ ಸರಿ ಕಾಣುವುದಿಲ್ಲ.

"ಪೋರ್ಟಿಂಗ್, ಹೆಡ್ ತೇಯ್ಸೋದು ಮಾಡಿಸ್ಲಾ?"

ಪೋರ್ಟಿಂಗ್ ಅಂದರೆ ಸಿಲಿಂಡರಿನ ಕಿಂಡಿಗಳನ್ನು ಉಜ್ಜಿ ದೊಡ್ಡದು ಮಾಡುವುದು. ಜೆಟ್ ವಾಪಸ್ ಹಾಕಬಹುದು, ಉಜ್ಜಿ ತೆಗೆದ ಕಬ್ಬಿಣ ವಾಪಸ್ ಬರುವುದಿಲ್ಲ. ಎಕ್ಸಾಸ್ಟ್ ಪೋರ್ಟ್ ಅರ್ಧ ಮಿಲಿಮೀಟರ್ ಮೇಲೆ ಹೋದರೂ ಇಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ಅಗಲ ಜಾಸ್ತಿಯಾದರೆ ರಿಂಗ್ ಹೊರಗೆ ಬಾಗಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಪೋರ್ಟಿನ ಅಂಚು ನುಣ್ಣಗೆ ಮಾಡದೆ ಬ್ಲಾಕ್ ಜೋಡಿಸಿದರೂ ಅದೇ ಗತಿ. ಹೆಡ್ ತೇಯಿಸಿದರೆ ಕಂಪ್ರೆಷನ್ ಏರುತ್ತದೆ, ಜೊತೆಗೆ ಬಿಸಿ ಮತ್ತು ನಾಕಿಂಗ್ (ಮಿಶ್ರಣ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಸಿಡಿಯುವುದು).

ಮಾಡಲೇಬೇಕು ಅಂದರೆ ಗಾಡಿಯ ಮೂಲ ಬ್ಲಾಕ್ ಎತ್ತಿಟ್ಟು, ಬೇರೆ ಹಳೇ ಬ್ಲಾಕ್ ಹುಡುಕಿ ಅದರ ಮೇಲೆ ಮಾಡಿಸಿ. ಲೇತ್‌ನವರಿಗೆ ಬಾಯಲ್ಲಿ ಹೇಳಬೇಡಿ, ಅಳತೆ ಬರೆದು ಕೊಡಿ. ಅದಕ್ಕೂ ಮುಂಚೆ, ಒಳಗೆ ಹೋದ ಮಿಶ್ರಣ ಕಾರ್ಬ್ ಕಡೆಗೆ ವಾಪಸ್ ಬರದಂತೆ ತಡೆಯುವ ರೀಡ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಎಲೆಗಳ ನಡುವೆ ಬೆಳಕು ಕಂಡರೆ ಅದನ್ನು ಬದಲಾಯಿಸಿ. ಪೋರ್ಟಿಂಗ್‌ಗಿಂತ ಅದು ಎಷ್ಟೋ ಅಗ್ಗ.

"ಆಯಿಲ್ ಪಂಪ್ ತೆಗೆದು ಟ್ಯಾಂಕಿಗೇ ಆಯಿಲ್ ಹಾಕ್ತಾರಲ್ಲ, ಅದು ಸರೀನಾ?"

ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಕಳಿಸುವ ಆ ಪಂಪ್ ಕೆಟ್ಟಿದ್ದರೆ ಸರಿ, ಸುಮ್ನೆ ತೆಗೆಯುವುದು ಬೇಡ. ಲೀಟರಿಗೆ 25 ಮಿ.ಲೀ. ಅಂದರೆ ನಲವತ್ತಕ್ಕೆ ಒಂದರ ಲೆಕ್ಕ. ಆಯಿಲ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂದುಕೊಳ್ಳುವವರು ಒಂದು ಮರೆಯುತ್ತಾರೆ. ಆಯಿಲ್ ಜಾಸ್ತಿಯಾದರೆ ಅದೇ ಜೆಟ್‌ನಲ್ಲಿ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಗಾಡಿ ಇನ್ನಷ್ಟು ಲೀನ್ ಆಗುತ್ತದೆ.

ನಂದಿ ಇಳಿಯುವಾಗ ಇನ್ನೊಂದು ಎಚ್ಚರಿಕೆ. ಆಕ್ಸಿಲೇಟರ್ ಪೂರ್ತಿ ಮುಚ್ಚಿ, ಗೇರಲ್ಲೇ ತಿರುವಿನ ಮೇಲೆ ತಿರುವು ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುವುದಿಲ್ಲ, ಅದರಲ್ಲಿ ಬೆರೆತ ಆಯಿಲ್ಲೂ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲೇಟರ್ ಕೊಡಿ.

"ಇಷ್ಟೆಲ್ಲ ಮಾಡಿದ ಗಾಡೀನ ಫುಲ್ ಓಡ್ಸೋದು ಎಲ್ಲಿ?"

ಏರ್‌ಪೋರ್ಟ್ ರಸ್ತೆಯಲ್ಲಿ ಅಲ್ಲ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟುಕೋಟೈಯ ರೇಸ್ ಟ್ರ್ಯಾಕ್ ನಮಗೆ ಹತ್ತಿರದವು. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ.

"ಬೇಡ ಅನಿಸಿದ್ರೆ ವಾಪಸ್ ಕಂಪನಿ ಸೆಟ್ಟಿಂಗ್‌ಗೆ ತರ್ಬಹುದಾ?"

ಬಿಚ್ಚಿದ ಸಾಮಾನು ನಿಮ್ಮ ಹತ್ತಿರ ಇದ್ದರೆ ಒಂದು ಭಾನುವಾರದ ಕೆಲಸ. ಹಳೇ ಜೆಟ್, ಏರ್ ಬಾಕ್ಸ್, ಬಫಲ್, ಸೈಲೆನ್ಸರ್ ಯಾವುದನ್ನೂ ಗುಜರಿಗೆ ಹಾಕಬೇಡಿ. ಅಂಗಡಿಯಲ್ಲಿ ಬಿಟ್ಟು ಬರಲೂ ಬೇಡಿ. ನಾನು ಜೆಟ್‌ಗಳನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ, ಮೇಲೆ ನಂಬರ್, ಸೂಜಿಯ ಕ್ಲಿಪ್ ಎಷ್ಟನೇ ಗೆರೆಯಲ್ಲಿತ್ತು, ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿತ್ತು ಅಂತ ಬರೆದು ಅಂಟಿಸಿದ್ದೇನೆ. ಏರ್ ಬಾಕ್ಸ್ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು. ಪೆರೇಸಂದ್ರದ ಆ ದಿನದ ಮೇಲೆ ಇಳಿಸಿ, ತೊಳೆದು ಹಾಕಿದೆ. ಈಗಲೂ ಗಾಡಿಯಲ್ಲಿ ಇರುವುದು ಅದೇ.